ಬಿಸಿಲೇರುವ ಮೊದಲು

ಪನಾಮಾದಲ್ಲಿ ಸೇತುವೆ ಕೆಲಸಕ್ಕಿದ್ದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಅಷ್ಟು ಎತ್ತರದಲ್ಲಿ ಭಯ ಆಗಲಿಲ್ವಾ? ಎತ್ತರದ ಭಯ ಒಂದು ವಾರಕ್ಕೇ ಹೋಯಿತು. ಕೊನೆವರೆಗೂ ಹೋಗದೆ ಉಳಿದದ್ದು ಬಿಸಿಲಿನ ಭಯ.

ನಾನಿದ್ದದ್ದು ಕೊಲೋನ್ ಊರಿನ ಹತ್ತಿರ, ಕೆರಿಬಿಯನ್ ಕಡೆಯಿಂದ ಬರುವ ಹಡಗುಗಳು ಕಾಲುವೆಗೆ ನುಗ್ಗುವ ಬಾಯಲ್ಲಿ. ಅಲ್ಲಿನ ಅಟ್ಲಾಂಟಿಕ್ ಸೇತುವೆ 2019ರ ಆಗಸ್ಟ್‌ನಲ್ಲಿ ತೆರೆಯಿತು. ನಡುವಿನ ಸ್ಪ್ಯಾನ್, ಅಂದರೆ ಎರಡು ಗೋಪುರಗಳ ನಡುವಿನ ಅಂತರ, 530 ಮೀಟರ್, ಕೆಳಗೆ ಹಡಗಿಗೆ ಬಿಟ್ಟ ಎತ್ತರ 75 ಮೀಟರ್, ಕೇಬಲ್ ಹಿಡಿದಿರುವ ಗೋಪುರ, ಅಂದರೆ ಪೈಲಾನ್, 200 ಮೀಟರ್‌ಗೂ ಜಾಸ್ತಿ. ನನ್ನದು ಸರ್ವೆ. ಡೆಕ್, ಅಂದರೆ ಗಾಡಿ ಓಡುವ ಹಾಸು, ಎಲ್ಲಿರಬೇಕೋ ಅಲ್ಲಿದೆಯಾ ಅಂತ ದಿನಾ ನೋಡುವ ಕೆಲಸ.

ಅದಕ್ಕೆ ಮೊದಲು ಅಲ್ಲಿನ ಜನ ಆಚೆ ದಡಕ್ಕೆ ಹೋಗಬೇಕೆಂದರೆ ಫೆರ್ರಿ ಕಾಯಬೇಕಿತ್ತು, ಇಲ್ಲವೇ ಗಾಟೂನ್ ಲಾಕ್ (ನೀರು ತುಂಬಿಸಿ ಹಡಗನ್ನು ಏರಿಸಿ ಇಳಿಸುವ ಕಟ್ಟೆ) ಮೇಲಿನ ಇಕ್ಕಟ್ಟು ದಾರಿ ಹಿಡಿಯಬೇಕಿತ್ತು. ಅಲ್ಲೂ ಹಡಗು ಬಂತೆಂದರೆ ಗಾಡಿಗಳೆಲ್ಲ ನಿಂತೇ ಇರಬೇಕು. ನಾನು ಸಾಗರದ ಕಡೆಯವನು. ಸಿಗಂದೂರಿನ ಲಾಂಚಿಗೆ ಹೊಳೆಬಾಗಿಲಲ್ಲಿ ಕಾದು ಕಾದು ಬೆಳೆದವನಿಗೆ ಆ ಕ್ಯೂ ಹೊಸದೇನೂ ಅನ್ನಿಸಲಿಲ್ಲ. (ಈಗ ಶರಾವತಿ ಹಿನ್ನೀರಿಗೂ ಕೇಬಲ್ ಸೇತುವೆ ಬಂದಿದೆ, 2025ರಲ್ಲಿ. ನಮ್ಮಮ್ಮನಿಗೆ ಇನ್ನೂ ಲಾಂಚೇ ಇಷ್ಟ.)

ಹಡಗಿನ ದಾರಿಯೊಳಗೆ ಒಂದೂ ಕಂಬ ಇಡುವ ಹಾಗಿಲ್ಲ, ಹಡಗು ನಿಲ್ಲಿಸುವ ಹಾಗೂ ಇಲ್ಲ. ಹಾಗಾಗಿ ಕೆಳಗಿಂದ ಆಸರೆ ಕೊಟ್ಟು ಕಟ್ಟುವ ಮಾತೇ ಬರುವುದಿಲ್ಲ. ಎರಡೂ ಪೈಲಾನ್‌ಗಳಿಂದ ಡೆಕ್ ಕೇಬಲ್ ಆಸರೆಯಲ್ಲಿ ತಕ್ಕಡಿಯ ತೋಳಿನ ಹಾಗೆ ಆಚೆಗೂ ಈಚೆಗೂ ಬೆಳೆಯುತ್ತಾ ಹೋಗುತ್ತದೆ. ತುದಿಯಲ್ಲಿ ಫಾರ್ಮ್ ಟ್ರಾವೆಲರ್, ಅಂದರೆ ಕಾಂಕ್ರೀಟ್ ಹಾಕುವ ಅಚ್ಚನ್ನು (ಫಾರ್ಮ್) ಹೊತ್ತ ಚೌಕಟ್ಟು, ನೇತಾಡುತ್ತಿರುತ್ತದೆ. ಅದನ್ನು ಮುಂದೆ ತಳ್ಳು, ಲೆವೆಲ್ ಇಡು (ಅಚ್ಚಿನ ಎತ್ತರ ಹೊಂದಿಸು), ಕಬ್ಬಿಣ ಕಟ್ಟು, ಕಾಂಕ್ರೀಟ್ ಹಾಕು, ಕೇಬಲ್ ಎಳೆ. ಮತ್ತೆ ತಳ್ಳು. ಸ್ಪ್ಯಾನರ್‌ಗೂ ಹಗ್ಗ, ಸುತ್ತಿಗೆಗೂ ಹಗ್ಗ, ಯಾಕೆಂದರೆ ಕೈಜಾರಿದ ಒಂದು ಬೋಲ್ಟ್ ಕೆಳಗೆ ಹೋಗುತ್ತಿರುವ ಹಡಗಿನ ಮೇಲೆ ಬಿದ್ದರೂ ಕಥೆ ಮುಗಿಯಿತು.

ಇನ್ನು ಬಿಸಿಲಿನ ವಿಷಯ. 250 ಮೀಟರ್ ಉದ್ದದ ಕೇಬಲ್ 10 ಡಿಗ್ರಿ ಬಿಸಿಯಾದರೆ ಸುಮಾರು 30 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟಕ್ಕೇ ತುದಿ ಕೆಳಗಿಳಿಯುತ್ತದೆ. ಸಾಲದ್ದಕ್ಕೆ ಡೆಕ್ಕಿನ ಮೇಲ್ಮೈ ಕಾಯ್ದು ತಳಭಾಗ ತಣ್ಣಗೇ ಇರುವುದರಿಂದ ಡೆಕ್ ಕೂಡ ತಲೆ ಬಗ್ಗಿಸುತ್ತದೆ. ಸಂಜೆ ಸೂರ್ಯ ಮುಳುಗಿದ ತಕ್ಷಣ ಸರಿಯಾಗುವುದಿಲ್ಲ, ದಪ್ಪ ಕಾಂಕ್ರೀಟ್ ಆರಲು ರಾತ್ರಿಯೆಲ್ಲ ಬೇಕು. ಅದಕ್ಕೇ ನಾವು ಮೂರು ಗಂಟೆಗೆ ಎದ್ದು, ನಾಲ್ಕಕ್ಕೆ ತುದಿಯಲ್ಲಿ ಟೋಟಲ್ ಸ್ಟೇಷನ್ ಅನ್ನುವ ಸರ್ವೆ ಯಂತ್ರ ಇಟ್ಟು, ಬೆಳಕು ಹರಿಯುವ ಮೊದಲು ಅಳತೆ ಮುಗಿಸುತ್ತಿದ್ದೆವು.

ಒಂದು ಸಲ ನಾನೇ ಎಡವಿದೆ. ರಾತ್ರಿಯಿಡೀ ಸಿಡಿಲು, ಮಳೆ. ಆ ಥರ ಜಡಿಮಳೆಗೆ ಅಲ್ಲಿ ಅಗುವಾಸೆರೊ ಅಂತಾರೆ, ನನ್ನ ಕಿವಿಗೆ ಮೊದಲ ದಿನ ಆಗುಂಬೆ ಅಂದಂತೆಯೇ ಕೇಳಿಸಿತ್ತು! ಸಿಡಿಲಿರುವಾಗ ಡೆಕ್ ಹತ್ತುವಂತಿಲ್ಲ. ಮಳೆ ನಿಂತದ್ದು ಏಳಕ್ಕೆ. ಮೋಡ ಇದೆಯಲ್ಲ, ಏನೂ ಆಗಲ್ಲ ಅಂತ ಹೊರಟೆ. ಒಂಬತ್ತೂವರೆಗೆ ಲೆವೆಲ್ ಇಡುವಾಗ ಮೋಡ ಹರಿದು ಚುರುಚುರು ಬಿಸಿಲು ಬಿದ್ದದ್ದು ಬೆನ್ನಿಗೆ ಗೊತ್ತಾಗಿತ್ತು, ತಲೆಗೆ ಹೋಗಲಿಲ್ಲ. ಹಾಕಿ ಮುಗಿಸಿದ ಡೆಕ್ಕಿನ ತುಂಡಿಗೆ, ಅಂದರೆ ಹಿಂದಿನ ಸೆಗ್ಮೆಂಟ್‌ಗೆ ಹೋಲಿಸಿ ಇಟ್ಟಿದ್ದರೂ ಬಚಾವಾಗುತ್ತಿದ್ದೆ. ನಾನು ಕಾಗದದಲ್ಲಿದ್ದ ಎತ್ತರವನ್ನೇ ನೇರ ಹಿಡಿದೆ. ಕಾಂಕ್ರೀಟ್ ಹಾಕುವ ದಿನ ಮುಂಜಾನೆ ಸುಮ್ನೆ ಇನ್ನೊಮ್ಮೆ ನೋಡೋಣ ಅಂತ ಅಳೆದರೆ ಫಾರ್ಮ್ 31 ಮಿಲಿಮೀಟರ್ ಮೇಲಿದೆ. ತಣ್ಣಗಾದ ತುದಿ ಎದ್ದಿತ್ತು, ಜೊತೆಗೆ ಫಾರ್ಮನ್ನೂ ಎತ್ತಿತ್ತು. ಕಾಂಕ್ರೀಟ್ ಬೇಡ ಅಂತ ಪ್ಲಾಂಟಿಗೆ ಫೋನ್ ಮಾಡುವಾಗ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಒಂದು ದಿನ ಹೋಯಿತು.

ಯಾರೂ ಬೈಯಲಿಲ್ಲ. ವಯಸ್ಸಾದ ಒಬ್ಬ ಮೇಸ್ತ್ರಿ ಬಂದು ನನ್ನ ಅಂಗೈ ಹಿಡಿದು ಕೇಬಲ್ಲಿನ ಪ್ಲಾಸ್ಟಿಕ್ ಕೊಳವೆಗೆ ಒತ್ತಿದ, ಅಷ್ಟೇ. ತಣ್ಣಗೆ ಒದ್ದೆಯಾಗಿತ್ತು. ಅವತ್ತಿನಿಂದ ಯಂತ್ರ ಬಿಚ್ಚುವ ಮೊದಲು ಕೈ ಇಟ್ಟು ನೋಡುವುದು ಅಭ್ಯಾಸವಾಯಿತು. ಥರ್ಮಾಮೀಟರ್ ಆಮೇಲೆ.

ಆ ಕೊಳವೆಯೊಳಗೆ ಒಂದೇ ದಪ್ಪ ಹಗ್ಗ ಇರುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಇರುವುದು ಬೆರಳು ಗಾತ್ರದ ಹತ್ತಾರು ಸ್ಟ್ರಾಂಡ್‌ಗಳು, ಒಂದೊಂದರಲ್ಲೂ ಏಳು ತಂತಿ. ಸಣ್ಣ ಜಾಕ್‌ನಲ್ಲಿ ಒಂದೊಂದಾಗಿ ಎಳೆಯುತ್ತಾರೆ. ಎರಡನೆಯದನ್ನು ಎಳೆದಾಗ ತುದಿ ಸ್ವಲ್ಪ ಎದ್ದು ಮೊದಲನೆಯದು ಸಡಿಲವಾಗುತ್ತದೆ. ಹಾಗಾಗಿ ಮೊದಲನೆಯದಕ್ಕೆ ಬಿಗಿ ಅಳೆಯುವ ಮೀಟರ್ ಕಟ್ಟಿ, ಅದು ಎಷ್ಟಕ್ಕೆ ಇಳಿದಿದೆಯೋ ಅಷ್ಟಕ್ಕೇ ಉಳಿದವನ್ನು ನಿಲ್ಲಿಸಬೇಕು. ಕೊನೆಗೆ ಎಲ್ಲದರಲ್ಲೂ ಒಂದೇ ಬಿಗಿ. ಮೊದಲ ಸಲ ನೋಡಿದಾಗ ನನಗೆ ತಂಬೂರಿ ಶ್ರುತಿ ಮಾಡುವುದು ನೆನಪಾಗಿತ್ತು.

ಎರಡು ತುದಿಗಳು ನಡುವೆ ಹತ್ತಿರ ಬಂದ ಮೇಲೆ ನಿದ್ದೆ ಇಲ್ಲ. ಎರಡನ್ನೂ ಸೇರಿಸುವ ರಾತ್ರಿ ಒಂದೊಂದು ಗಂಟೆಗೂ ಎರಡೂ ಕಡೆ ಅಳೆದೆವು. ಕೆಳಗೆ ಕಂಟೇನರ್ ಹಡಗೊಂದು ದೀಪ ಹಚ್ಚಿಕೊಂಡು ಸದ್ದಿಲ್ಲದೆ ಲಾಕ್ ಕಡೆ ಹೋಯಿತು. ನಾಲ್ಕರ ಹೊತ್ತಿಗೆ ಅಲುಗಾಟ ನಿಂತಿತು, ಉಕ್ಕಿನ ತೊಲೆಗಳನ್ನು ಸಂದಿಗೆ ಅಡ್ಡ ಇಟ್ಟು ಬಿಗಿದರು. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಒಂಬತ್ತಕ್ಕೆ, ಬಿಸಿಲು ಏರಿದ ಮೇಲೆ, ಬೇಕಂತಲೇ ಇನ್ನೊಮ್ಮೆ ಅಳೆದೆ. ತುದಿಗಳು ಇಳಿದಿದ್ದವು. ಎರಡೂ ಒಟ್ಟಿಗೇ, ಒಂದೇ ಅಳತೆ.