ಧೂಳಿನ ಗಂಟು ಹುಡುಕಲು ಹೋಗಿ

ಮೀರಾ ಬಗೆಯ, ಅಂದರೆ ಉಬ್ಬಿ ಕುಗ್ಗುತ್ತ ಮಿಡಿಯುವ ಮುದಿ ತಾರೆಯೊಂದರ ಸುತ್ತ ಧೂಳು ಎಲ್ಲಿಂದ ಶುರುವಾಗುತ್ತದೆ, ಹೇಗೆ ಹರಡಿದೆ ಎಂದು ನೋಡಬೇಕಿತ್ತು. ನನ್ನ ಪಿಎಚ್.ಡಿ.ಯ ಎರಡನೇ ವರ್ಷ. ಚಿಲಿಯ ಪರಾನಾಲ್ ಬೆಟ್ಟದ ವಿಎಲ್‌ಟಿಐ, ಅಂದರೆ ಹಲವು ದೂರದರ್ಶಕಗಳ ಬೆಳಕನ್ನು ಜೋಡಿಜೋಡಿಯಾಗಿ ಬೆರೆಸಿ ಸಣ್ಣ ವಿವರ ಹಿಡಿಯುವ ವ್ಯವಸ್ಥೆ. ಅದರಲ್ಲಿ ಮಟೀಸ್ ಎಂಬ ಅವಕೆಂಪು ಉಪಕರಣ. ಅಲ್ಲಿ 8.2 ಮೀಟರಿನ ನಾಲ್ಕು ದೈತ್ಯ ದೂರದರ್ಶಕಗಳಿದ್ದರೂ ನಾವು ಕೇಳಿದ್ದು 1.8 ಮೀಟರಿನ ನಾಲ್ಕು ಚಿಕ್ಕವನ್ನು. ಮುದಿ ತಾರೆಗಳು ಅವಕೆಂಪಿನಲ್ಲಿ ಧಾರಾಳವಾಗಿ ಬೆಳಗುತ್ತವೆ, ಅಷ್ಟು ಸಾಕು. ಮೇಲಾಗಿ ಚಿಕ್ಕವನ್ನು ಹಳಿಗಳ ಮೇಲೆ ಸರಿಸಬಹುದು. ನಾಲ್ಕು ದೂರದರ್ಶಕ ಎಂದರೆ ಆರು ಜೋಡಿ. ಹತ್ತಿರದ ಜೋಡಿ ಧೂಳಿನ ಹರವು ಹೇಳಿದರೆ, ದೂರದ ಜೋಡಿ ತಾರೆಯ ಮೈಯನ್ನೇ ತೋರಿಸುತ್ತದೆ. ಆದರೆ ತಾರೆ ಉಬ್ಬಿ ಕುಗ್ಗುತ್ತಲೇ ಇರುತ್ತದೆ. ದೂರದರ್ಶಕಗಳನ್ನು ಸರಿಸಿ ನೋಡುವ ಎಲ್ಲ ಜೋಡಣೆಗಳನ್ನೂ ಕೆಲವೇ ವಾರಗಳಲ್ಲಿ ಮುಗಿಸದಿದ್ದರೆ ನಿನ್ನೆಯ ಮುಖಕ್ಕೆ ಇವತ್ತಿನ ಮೂಗು ಅಂಟಿಸಿದಂತೆ.

ಮೂರು ದೂರದರ್ಶಕಗಳ ತ್ರಿಕೋನದ ಸುತ್ತ, ಪ್ರತಿ ಜೋಡಿ ಅಳೆದ ಬೆಳಕಿನ ಅಲೆಯ ಹಂತಗಳನ್ನು (ಫೇಸ್) ಕೂಡಿದರೆ ಗಾಳಿಯ ಕಿತಾಪತಿ ಹೊಡೆದುಹೋಗಿ ತಾರೆಯ ಮಾಹಿತಿ ಉಳಿಯುತ್ತದೆ. ದುಂಡಗಿನ ತಾರೆಗೆ ಆ ಮೊತ್ತ ಸೊನ್ನೆ ಅಥವಾ 180 ಡಿಗ್ರಿ ಇರಬೇಕು. 3.5 ಮೈಕ್ರಾನಿನ ತರಂಗದೂರದ ಆಸುಪಾಸಿನಲ್ಲಿ ನನ್ನದು ಎರಡೂ ಆಗಿರಲಿಲ್ಲ! ಅಂದರೆ ಒಂದು ಪಕ್ಕದಲ್ಲಿ ಏನೋ ಇದೆ. ಆರ್ದ್ರಾ ನಕ್ಷತ್ರ 2019-20ರಲ್ಲಿ ಮಂಕಾದಾಗ ಅದರಲ್ಲಿ ಧೂಳಿನ ಪಾಲೂ ಇತ್ತೆಂಬ ಪ್ರಬಂಧ ಬಂದ ಕಾಲ ಅದು. ನನಗೂ ಎಲ್ಲೆಲ್ಲೂ ಧೂಳಿನ ಗಂಟೇ ಕಾಣುತ್ತಿತ್ತು. ಎರಡು ತಿಂಗಳು ಮಾದರಿ ಕಟ್ಟಿದೆ.

ಒಂದು ಸುಳಿವನ್ನು ಬೇಕೆಂದೇ ಕಡೆಗಣಿಸಿದ್ದೆ. ನಿಜಕ್ಕೂ ಧೂಳಾಗಿದ್ದರೆ ಧೂಳಿನ ಸಿಲಿಕೇಟ್ ಕಣಗಳು ಬೆಳಗುವ 10 ಮೈಕ್ರಾನಿನಲ್ಲಿ ಇನ್ನೂ ಎದ್ದು ಕಾಣಬೇಕಿತ್ತು. ಅಲ್ಲಿ ಸಪಾಟು. ಆ ತರಂಗದೂರದಲ್ಲಿ ಆಕಾಶ, ಕನ್ನಡಿ, ದೂರದರ್ಶಕ ಎಲ್ಲವೂ ತಾವೇ ಹೊಳೆಯುತ್ತವೆ. ಗದ್ದಲದಲ್ಲಿ ಮುಳುಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಗುರಿಯ ಹಿಂದೆಮುಂದೆ ವ್ಯಾಸ ಗೊತ್ತಿರುವ ಸಾದಾ ತಾರೆಯೊಂದನ್ನು ನೋಡಿ ಅಳತೆ ಸರಿಪಡಿಸುವುದು ಪದ್ಧತಿ. ಅದೇ ಕ್ಯಾಲಿಬ್ರೇಟರ್. ಪಟ್ಟಿಯಲ್ಲಿ ಹತ್ತಿರ ಸಿಕ್ಕಿದ್ದನ್ನು ಕಣ್ಣುಮುಚ್ಚಿ ಆರಿಸಿದ್ದೆ. "ಅದನ್ನೇ ಗುರಿ ಅಂದುಕೊಂಡು, ಇನ್ನೊಂದು ರಾತ್ರಿಯ ಕ್ಯಾಲಿಬ್ರೇಟರ್‌ನಿಂದ ಅಳೆದು ನೋಡಿದೆಯಾ?" ಅಂದರು ಮಾರ್ಗದರ್ಶಕರು. ನೋಡಿದೆ. ನನ್ನ ಗಂಟು ಇದ್ದದ್ದು ಅದರಲ್ಲೇ, ಪ್ಲಸ್-ಮೈನಸ್ ಚಿಹ್ನೆ ಮಾತ್ರ ತಿರುಗಿ. ಗುರಿಯ ಹಂತದಿಂದ ಕ್ಯಾಲಿಬ್ರೇಟರಿನದನ್ನು ಕಳೆಯುತ್ತೇವಲ್ಲ, ಹಾಗಾಗಿ. ಪಾಪದ ಸಾದಾ ತಾರೆಗೆ ಕಣ್ಣಿಗೆ ಬೀಳದ ಜೊತೆಗಾರನೊಬ್ಬನಿದ್ದ.

ಈಗ ಪ್ರತಿ ಗುರಿಗೂ ಎರಡು ಬೇರೆ ಬೇರೆ ಕ್ಯಾಲಿಬ್ರೇಟರ್ ಬರೆಯುತ್ತೇನೆ. ವೀಕ್ಷಣೆಯ ಸಮಯ ಕರಗುತ್ತದೆ, ಕರಗಲಿ. ಅಂದಹಾಗೆ, ನಮ್ಮ ಮುದಿ ತಾರೆಯ ಧೂಳು ನಾವು ಅಳೆದ ಮಟ್ಟಿಗೆ ದುಂಡಗೇ ಇತ್ತು.