ಕನ್ನಡಿ ಹಿಡಿಸಿ ಇಂಗ್ಲಿಷ್ ಸ್ವರಗಳನ್ನು ಕಲಿಸಿದ ನನ್ನ ಅನುಭವ

ಮಂಡ್ಯದಲ್ಲಿ ಬಿ.ಎ. ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಧ್ವನಿಶಾಸ್ತ್ರದ ಮನೆಪಾಠ ಹೇಳತೊಡಗಿದ ಮೊದಲ ಎರಡು ವರ್ಷ ಹೆಡ್‌ಫೋನು, ಸ್ಪೀಕರು, ಬಣ್ಣದಲ್ಲಿ ಅಚ್ಚು ಹಾಕಿಸಿದ ಸ್ವರ ಚತುರ್ಭುಜದ (ಯಾವ ಸ್ವರಕ್ಕೆ ನಾಲಿಗೆ ಬಾಯಿಯಲ್ಲಿ ಎಲ್ಲಿರುತ್ತದೆಂದು ತೋರಿಸುವ ನಕ್ಷೆಯ) ಪಟಗಳು ಎಂದು ಹೆಚ್ಚುಕಡಿಮೆ 18,000 ರೂಪಾಯಿ ಕಳೆದೆ. ಮಕ್ಕಳು ಇಂಗ್ಲಿಷಿನ 12 ಶುದ್ಧ ಸ್ವರ, 8 ದ್ವಿಸ್ವರಗಳನ್ನು (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಂಥವು) ಉರು ಹೊಡೆದು ತಪ್ಪಿಲ್ಲದೆ ಬರೆಯುತ್ತಿದ್ದರು. ‘ಬೆಡ್’ ಎನ್ನುವಾಗ ನಾಲಿಗೆ ಎಲ್ಲಿದೆ ಎಂದು ಕೇಳಿದರೆ ಮಾತ್ರ ಗೋಡೆಯ ಪಟದ ಕಡೆ ತಿರುಗುತ್ತಿದ್ದರು.

ಕನ್ನಡದ ಸ್ವರಗಳಿಂದಲೇ ಆರಂಭಿಸುತ್ತೇನೆಂದಾಗ ಹಿರಿಯ ಅಧ್ಯಾಪಕರೊಬ್ಬರು, “ಇದ್ದ ಉಚ್ಚಾರಣೆಯೂ ಕೆಟ್ಟುಹೋಗುತ್ತದೆ ಮೇಷ್ಟ್ರೇ” ಎಂದು ಎಚ್ಚರಿಸಿದ್ದರು. ಆದರೂ ತಲಾ 35 ರೂಪಾಯಿಯಂತೆ ಸುಮಾರು 25 ಕೈಗನ್ನಡಿಗಳನ್ನು ಮೈಸೂರಿನಿಂದ ತಂದೆ. ಒಂದೇ ಉಸಿರಿನಲ್ಲಿ ‘ಈ’ಯಿಂದ ‘ಏ’ಗೆ, ಅಲ್ಲಿಂದ ‘ಬ್ಯಾಟ್’ನ ಸ್ವರಕ್ಕೆ ನಿಧಾನವಾಗಿ ಇಳಿಯಿರಿ ಎಂದು ಹೇಳಿದೆ, ದವಡೆ ಮೆಟ್ಟಿಲಿಳಿದಂತೆ ಇಳಿಯುವುದನ್ನು ಅವರೇ ಕಂಡರು. ಸಂವೃತ (ಬಾಯಿ ಕಿರಿದಾಗಿರುವ), ವಿವೃತ (ಬಾಯಿ ಅಗಲವಾಗಿ ತೆರೆದ) ಎಂಬ ಹೆಸರುಗಳನ್ನು ಆಮೇಲೆ ಕೊಟ್ಟೆ.

ಹೆಚ್ಚು ಫಲ ಕೊಟ್ಟದ್ದು ‘ಡೇ’ ಮತ್ತು ‘ಗೋ’. ನಮ್ಮವರು ಇವನ್ನು ಕನ್ನಡದ ‘ಏ’, ‘ಓ’ಗಳಂತೆ ಅಲುಗಾಡದ ಸ್ವರಗಳಾಗಿ ಹೇಳುತ್ತಾರೆ, ಕನ್ನಡಿಯಲ್ಲಿ ಬಾಯಿ ನಿಂತಲ್ಲೇ ನಿಂತಿರುತ್ತದೆ. ಬ್ರಿಟನ್ನಿನ ಶಿಷ್ಟ ಉಚ್ಚಾರಣೆಯಲ್ಲಿ ‘ಡೇ’ ಮುಗಿಯುವಾಗ ನಾಲಿಗೆ ‘ಇ’ಯ ಕಡೆ ಏರುತ್ತದೆ, ‘ಗೋ’ದಲ್ಲಿ ಸಡಿಲವಾಗಿದ್ದ ತುಟಿ ದುಂಡಗಾಗುತ್ತದೆ. ದ್ವಿಸ್ವರವೆಂದರೇನೆಂದು ಆಮೇಲೆ ನಾನು ವಿವರಿಸಬೇಕಾಗಿ ಬರಲಿಲ್ಲ.

‘ಬಿಟ್’, ‘ಬೀಟ್’ಗಳ ವ್ಯತ್ಯಾಸ ಹ್ರಸ್ವ ದೀರ್ಘದ್ದಷ್ಟೇ ಎಂಬ ನಂಬಿಕೆ ಬಿಡಿಸಲು ಒಂದು ತಿಂಗಳೇ ಬೇಕಾಯಿತು. ‘ಟ್’ ಮುಂದಿರುವಾಗ ‘ಬೀಟ್’ನ ಸ್ವರವೂ ಮೊಟಕಾಗುವುದರಿಂದ ಉದ್ದವನ್ನು ನಂಬುವಂತಿಲ್ಲ, ‘ಬಿಟ್’ನಲ್ಲಿ ನಾಲಿಗೆ ತುಸು ಕೆಳಗೆ, ತುಸು ಹಿಂದಕ್ಕೆ ಇರುತ್ತದೆ. ‘ಕಾರ್’ನ ಸ್ವರವೂ ಹಾಗೆಯೇ, ನಮ್ಮ ‘ಆ’ಕಾರಕ್ಕಿಂತ ಬಾಯಿಯ ಹಿಂಭಾಗದಲ್ಲಿ ಹುಟ್ಟುವಂಥದ್ದು. ಇದನ್ನು ಹಿಡಿಸುವ ನನ್ನ ಅಭ್ಯಾಸವನ್ನು ಮಾತ್ರ ತರಗತಿಗೆ ಬಂದವರಿಗಷ್ಟೇ ತೋರಿಸುತ್ತೇನೆ.

ನಡುವೆ, ನಾಲಿಗೆ ಮೇಲೆ ಎಲ್ಲಿ ತಾಗುತ್ತದೆಂದು ನೋಡಲು ಇನ್ನೊಂದು ಪ್ರಯೋಗ ಮಾಡಿದೆ. ಇದ್ದಿಲ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನನ್ನ ನಾಲಿಗೆಗೇ ಬಳಿದುಕೊಂಡು ‘ಈ’ ಎಂದೆ. ಮೇಲಿನ ದವಡೆಹಲ್ಲುಗಳ ಒಳಬದಿಯಲ್ಲಿ ಎರಡೂ ಕಡೆ ಕಪ್ಪು ಗೆರೆ ಮೂಡಿತು. ‘ಆ’ ಎಂದಾಗ ಅಂಗುಳು ಶುಭ್ರವಾಗಿತ್ತು. ನೋಡಲು ಸೊಗಸಾದರೂ ವರ್ಗೀಕರಣಕ್ಕೆ ಇದರಿಂದ ಹೆಚ್ಚಿನ ಉಪಯೋಗವಿಲ್ಲ, ಏಕೆಂದರೆ ನಾಲಿಗೆ ಕೆಳಗಿರುವ ಸ್ವರಗಳು ಅಂಗುಳಿನ ಮೇಲೆ ಗುರುತನ್ನೇ ಬಿಡುವುದಿಲ್ಲ. ‘ಈ’ ಎನ್ನುತ್ತಾ ನಾಲಿಗೆ ಕದಲಿಸದೆ ತುಟಿಯನ್ನಷ್ಟೇ ದುಂಡಗೆ ಮಾಡುವ ಆಟ ಇದಕ್ಕಿಂತ ಮೇಲು. ಇಂಗ್ಲಿಷಿನಲ್ಲಿಲ್ಲದ ಫ್ರೆಂಚ್ ಸ್ವರವೊಂದು ಹುಟ್ಟುತ್ತದೆ, ತುಟಿಯ ಆಕಾರವೂ ಏಕೆ ಲೆಕ್ಕಕ್ಕೆ ಬರುತ್ತದೆಂಬುದು ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಹಿಂದೆ 24 ಜನರಲ್ಲಿ ಏಳೆಂಟು ಮಂದಿ ಕೇಳಿದ ಸ್ವರವನ್ನು ಪಟದಲ್ಲಿ ಸರಿಯಾದ ಜಾಗಕ್ಕೆ ಸೇರಿಸುತ್ತಿದ್ದರೆ ಕಳೆದ ಬ್ಯಾಚಿನಲ್ಲಿ ಇಪ್ಪತ್ತರ ಹತ್ತಿರ ಬಂದರು, ಎಚ್ಚರಿಸಿದ್ದ ಹಿರಿಯರೇ ತಮ್ಮ ಮಗಳನ್ನು ಕಳುಹಿಸಿದರು. ‘ಬರ್ಡ್’, ‘ಕಪ್’ಗಳಲ್ಲಿ ಮತ್ತು ‘ಅಬೌಟ್’ನ ಮೊದಲಲ್ಲಿ ಬರುವ ಮಧ್ಯಸ್ವರಗಳಲ್ಲಿ (ನಾಲಿಗೆಯ ನಡುಭಾಗದಿಂದ ಹುಟ್ಟುವಂಥವು) ಮಾತ್ರ ಕನ್ನಡಿ ಸಾಲದು. ಅದಕ್ಕೊಂದು ಉಪಾಯ ಹೂಡಿದ್ದೇನೆ. ಇನ್ನೆರಡು ಬ್ಯಾಚುಗಳಲ್ಲಿ ನೋಡಿದ ಮೇಲೆ ಬರೆಯುತ್ತೇನೆ.