ಹಾರಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ

ನನ್ನ ವಿಮಾನ 1975ರ ಸೆಸ್ನಾ 172. ನನಗಿಂತ ಎರಡು ವರ್ಷ ದೊಡ್ಡದು. 'ಸ್ವಂತ ವಿಮಾನ' ಅಂದ ಕೂಡಲೇ ಊರಿನ ಕಡೆಯವರ ಮುಖದಲ್ಲಿ ಒಂದು ಬದಲಾವಣೆ ಆಗುತ್ತದೆ. ಇವನು ಎಲ್ಲೋ ಅಂಬಾನಿ ಲೆವೆಲ್ಲಿಗೆ ಹೋಗಿಬಿಟ್ಟ ಅಂತ. ಆಗ ಫೋನ್ ತೆಗೆದು ಫೋಟೋ ತೋರಿಸುತ್ತೇನೆ. ಪೇಂಟ್ ಹೋದ ರೆಕ್ಕೆ, ಮಾರುತಿ 800ಕ್ಕಿಂತ ಇಕ್ಕಟ್ಟಾದ ಸೀಟು, ಕೆಳಗೆ ಬೆನ್ನು ಹಾಕಿ ಮಲಗಿ ಹೊಟ್ಟೆ ಒರೆಸುತ್ತಿರುವ ನಾನು. ಮುಖ ಮತ್ತೆ ಮೊದಲಿನ ಹಾಗಾಗುತ್ತದೆ.

ಹುಚ್ಚು ಹತ್ತಿದ್ದು ಜಕ್ಕೂರಿನಲ್ಲಿ. ಯಲಹಂಕದಿಂದ ಬಸ್ಸಲ್ಲಿ ಬರುವಾಗ ಬಳ್ಳಾರಿ ರಸ್ತೆಯ ಪಕ್ಕದ ಬೇಲಿಯಾಚೆ ಪುಟ್ಟ ವಿಮಾನಗಳು ಇಳಿಯುವುದು ಕಾಣುತ್ತಿತ್ತು. ಕಲಿತದ್ದು ಮಾತ್ರ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, 2014ರಲ್ಲಿ. ಇಲ್ಲಿ ಎಚ್‌-1ಬಿ ವೀಸಾದಲ್ಲಿ ಇರುವವರಿಗೆ ಒಂದು ಮಾತು. ಕಲಿಯಬಹುದು, ಆದರೆ ಮೊದಲು ಟಿಎಸ್‌ಎಗೆ (ಅಮೆರಿಕದ ಸಾರಿಗೆ ಭದ್ರತಾ ಇಲಾಖೆ) ಬೆರಳಚ್ಚು ಕೊಟ್ಟು ಅನುಮತಿ ತಗೋಬೇಕು. ಲೈಸೆನ್ಸೂ ಸಿಗುತ್ತದೆ. ಆದರೆ ವಿಮಾನವನ್ನು ನಿಮ್ಮ ಹೆಸರಿಗೆ ನೋಂದಾಯಿಸಲು ಅಮೆರಿಕದ ಪೌರತ್ವವೋ ಗ್ರೀನ್ ಕಾರ್ಡೋ ಬೇಕೇ ಬೇಕು. ನನಗೆ ಗ್ರೀನ್ ಕಾರ್ಡ್ ಬಂದದ್ದು 2017ರಲ್ಲಿ. ಮರುವರ್ಷವೇ ವಿಮಾನ ತಗೊಂಡೆ. ಹೆಂಡತಿ ಆಗ ಮನೆ ತಗೋಳ್ಳೋಣ ಅನ್ನುತ್ತಿದ್ದಳು. ಆ ವಿಷಯ ಇಲ್ಲಿ ಬೇಡ.

ಬೆಲೆ 48,000 ಡಾಲರ್. ಮಾರುವವರು 'ಆನ್ಯುಯಲ್ ಈಗ ತಾನೇ ಆಗಿದೆ, ಕಣ್ಣು ಮುಚ್ಚಿ ತಗೊಳ್ಳಿ' ಅಂದರು. ವರ್ಷಕ್ಕೊಮ್ಮೆ ಅಧಿಕೃತ ಇನ್ಸ್‌ಪೆಕ್ಟರ್ ಇಡೀ ವಿಮಾನ ಬಿಚ್ಚಿ ನೋಡಿ ಸಹಿ ಹಾಕಬೇಕು, ಅದೇ ಆನ್ಯುಯಲ್. ನಾನು ಕಣ್ಣು ಬಿಟ್ಟುಕೊಂಡೇ, ಅವರಿಗೆ ಸಂಬಂಧವಿಲ್ಲದ ಬೇರೆ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದೆ. ನಾಲ್ಕು ಸಿಲಿಂಡರುಗಳ ಕಂಪ್ರೆಷನ್ ನೋಡಿದ, ಅಂದರೆ ಒಳಗೆ ಬಿಟ್ಟ ಗಾಳಿಯ ಒತ್ತಡ ಎಷ್ಟು ಉಳಿಯುತ್ತದೆ ಅಂತ. 80ಕ್ಕೆ ಮೂರರಲ್ಲಿ 74, 76, 75. ನಾಲ್ಕನೆಯದರಲ್ಲಿ 58. ಎಕ್ಸಾಸ್ಟ್ ವಾಲ್ವ್‌ನಿಂದ ಗಾಳಿ ಸೋರುವ ಸದ್ದು ನನಗೂ ಕೇಳಿಸಿತು, ಸೈಕಲ್ ಟ್ಯೂಬ್ ಪಂಕ್ಚರ್ ಆದಾಗ ಬರುತ್ತಲ್ಲ, ಹಾಗೆ. ಆ ಒಂದು ಸದ್ದಿಗೆ ಬೆಲೆ 2,500 ಡಾಲರ್ ಇಳಿಯಿತು. ತಪಾಸಣೆಗೆ ಕೊಟ್ಟದ್ದು 600.

ಹಾಗಂತ ಮೊದಲ ವರ್ಷ ಸುಖವಾಗಿ ಹೋಯಿತು ಅಂತ ಅಲ್ಲ. ಮೊದಲ ಆನ್ಯುಯಲ್ ಬಿಲ್ 4,800 ಡಾಲರ್ ಬಂತು. ಆ ಸಿಲಿಂಡರು, ತುಕ್ಕು ಹಿಡಿದ ಒಂದು ಕೇಬಲ್, ಮುಂದಿನ ಚಕ್ರದ ಅಲುಗಾಟ. ಅದರ ಜೊತೆ ಸೀಟಿನ ಹಳಿ. ಹಳೆಯ ಸೆಸ್ನಾಗಳಲ್ಲಿ ಸೀಟು ಒಂದು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಹಳಿಯಲ್ಲಿ ಸಾಲಾಗಿ ತೂತುಗಳು, ತೂತಿಗೆ ಪಿನ್ ಇಳಿದರೆ ಸೀಟು ನಿಲ್ಲುತ್ತದೆ. ವರ್ಷಗಟ್ಟಲೆ ಸವೆದು ತೂತು ಅಗಲವಾದರೆ ಪಿನ್ ಸರಿಯಾಗಿ ಕೂರುವುದಿಲ್ಲ. ಮೂಗು ಮೇಲೆತ್ತಿ ನೆಲ ಬಿಡುವ ಹೊತ್ತಿಗೆ ಸೀಟು ಸರ್ರಂತ ಹಿಂದಕ್ಕೆ ಹೋದರೆ, ಬಿದ್ದು ಹೋಗಬಾರದು ಅಂತ ಕೈ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಸಿಗುವುದು ಸ್ಟಿಯರಿಂಗು. ಮೂಗು ಇನ್ನೂ ಮೇಲೇಳುತ್ತದೆ. ಇದರಿಂದ ಜೀವ ಹೋಗಿವೆ. ಅದಕ್ಕೇ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಈ ಹಳಿ ನೋಡಲೇಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಆದೇಶವಿದೆ. ನಾನು ಕೂತ ಮೇಲೆ ಸೀಟನ್ನು ಕುಂಡೆಯಿಂದ ಎರಡು ಸಲ ಜೋರಾಗಿ ಹಿಂದಕ್ಕೆ ತಳ್ಳಿ ನೋಡದೆ ಕೀ ಮುಟ್ಟುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ವಿಚಿತ್ರ ಅನಿಸಬಹುದು, ಅನಿಸಲಿ.

ಆ ಬಿಲ್ ನೋಡಿದ ಮೇಲೆ ನಾನೇ ಕೈ ಹಾಕತೊಡಗಿದೆ. ಪೈಲಟ್ ಆದವನು ತನ್ನ ವಿಮಾನದ ಕೆಲವು ಕೆಲಸಗಳನ್ನು ತಾನೇ ಮಾಡಬಹುದು ಅಂತ ಕಾನೂನಿದೆ. ಎಣ್ಣೆ ಬದಲಾಯಿಸುವುದು, ಟೈರು, ಬ್ಯಾಟರಿ, ಸ್ಪಾರ್ಕ್ ಪ್ಲಗ್, ಬಲ್ಬು. ಮಾಡಿದ ಮೇಲೆ ಲಾಗ್‌ಬುಕ್‌ನಲ್ಲಿ ತಾರೀಖು, ಏನು ಮಾಡಿದೆ, ಸಹಿ, ಲೈಸೆನ್ಸ್ ನಂಬರ್ ಬರೆಯಬೇಕು. ಆನ್ಯುಯಲ್‌ನಲ್ಲೂ ಮೆಕ್ಯಾನಿಕ್ ಒಪ್ಪಿದರೆ ಅವರ ಕೈಕೆಳಗೆ ಕೂಲಿ ಆಳಾಗಿ ದುಡಿಯಬಹುದು. ನೂರಾರು ಸ್ಕ್ರೂ ಬಿಚ್ಚಿ ಹಾಕುವುದು ನನ್ನ ಪಾಲು. ಬಿಲ್ ಅರ್ಧಕ್ಕಿಂತ ಕೆಳಗಿಳಿದಿದೆ. ಅದಕ್ಕಿಂತ ದೊಡ್ಡ ಲಾಭ, ಯಾವುದು ಎಲ್ಲಿದೆ, ಹೇಗಿದ್ದರೆ ಸರಿ ಅಂತ ಕಣ್ಣಿಗೆ ಅಭ್ಯಾಸವಾಗಿದೆ.

ಎಣ್ಣೆಯ ಕೆಲಸ ನನಗೆ ಇಷ್ಟ. 50 ಗಂಟೆಗೋ 4 ತಿಂಗಳಿಗೋ, ಯಾವುದು ಮೊದಲೋ ಆಗ. ಇಂಜಿನ್ ಬಿಸಿ ಇರುವಾಗಲೇ ಎಣ್ಣೆ ಬಸಿಯಬೇಕು. ಹಳೆ ಫಿಲ್ಟರನ್ನು ಬಿಸಾಕುವ ಹಾಗಿಲ್ಲ. ಡಬ್ಬಿ ಕತ್ತರಿಸುವಂಥದ್ದೇ ಒಂದು ಸಾಧನದಿಂದ ಅದರ ತಗಡು ಬಿಚ್ಚಿ, ಒಳಗಿನ ಮಡಿಕೆ ಕಾಗದವನ್ನು ಚಾಕುವಿನಲ್ಲಿ ಕೊಯ್ದು, ಎಣ್ಣೆ ಹಿಂಡಿ, ಹಪ್ಪಳ ಒಣಹಾಕಿದ ಹಾಗೆ ಬಿಸಿಲಲ್ಲಿ ಹರಡುತ್ತೇನೆ. ಲೋಹದ ಚೂರು ಕಂಡರೆ ಇಂಜಿನ್ ತನ್ನನ್ನು ತಾನೇ ತಿನ್ನುತ್ತಿದೆ ಅಂತ ಅರ್ಥ. ಮೊದಲ ಸಲ ಹರಡಿದಾಗ ಕಪ್ಪಗೆ ಮಿನುಗುವ ಚೂರು ಏಳೆಂಟು ಸಿಕ್ಕವು. ಕೈಕಾಲು ತಣ್ಣಗಾಯಿತು. ಹೊಸ ಇಂಜಿನ್ ಹಾಕಿಸುವುದಕ್ಕೆ ಸಾಲ ಎಲ್ಲಿ ಎತ್ತಲಿ ಅಂತ ಅಲ್ಲೇ ಲೆಕ್ಕ ಹಾಕಿದೆ. ಮೆಕ್ಯಾನಿಕ್ ಒಂದು ಚೂರನ್ನು ಉಗುರಿನ ನಡುವೆ ಇಟ್ಟು ಅಮುಕಿದ. ಪುಡಿಯಾಯಿತು. 'ಮಸಿ ಇದು' ಅಂದ. ಲೋಹ ಆಗಿದ್ದರೆ ಪುಡಿಯಾಗುವುದಿಲ್ಲ, ಅಲ್ವಾ. ಎಷ್ಟು ಸುಲಭದ ಪರೀಕ್ಷೆ!

ಹೊಟ್ಟೆ ಒರೆಸುವುದೂ ಸುಮ್ನೆ ಶೋಕಿಗಲ್ಲ. ಈ ಇಂಜಿನ್‌ಗಳು ಸ್ವಲ್ಪ ಎಣ್ಣೆ ಉಗುಳುತ್ತವೆ, ಅದು ವಿಮಾನದ ಅಡಿಭಾಗಕ್ಕೆ ಬಳಿದುಕೊಳ್ಳುತ್ತದೆ. ಮೊದಲೇ ಕೊಳಕಾಗಿದ್ದರೆ ಇವತ್ತಿನ ಸೋರಿಕೆ ಯಾವುದು, ಹೋದ ತಿಂಗಳದ್ದು ಯಾವುದು ಗೊತ್ತಾಗುವುದಿಲ್ಲ. ಪ್ರತಿ ಹಾರಾಟ ಮುಗಿದ ಮೇಲೂ ಒರೆಸಿಬಿಟ್ಟರೆ ಹೊಸ ಗೆರೆ ಎದ್ದು ಕಾಣುತ್ತದೆ.

ಇಂಧನದ ಕಥೆ ಬೇರೆ. ನಮ್ಮದು ರೀಡ್-ಹಿಲ್‌ವ್ಯೂ ಏರ್‌ಪೋರ್ಟ್, ಸುತ್ತಲೂ ಮನೆಗಳು. ಸಣ್ಣ ವಿಮಾನಗಳ ಪೆಟ್ರೋಲಿನಲ್ಲಿ ಇವತ್ತಿಗೂ ಸೀಸ ಇದೆ. ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ ಅಂತ ಸಾಂಟಾ ಕ್ಲಾರಾ ಕೌಂಟಿ 2022ರ ಜನವರಿ 1ರಿಂದ ತನ್ನ ಏರ್‌ಪೋರ್ಟ್‌ಗಳಲ್ಲಿ ಅದರ ಮಾರಾಟ ನಿಲ್ಲಿಸಿತು. ಪೈಲಟ್‌ಗಳು ಗಲಾಟೆ ಮಾಡಿದರು, ಹೆಚ್ಚು ಆಕ್ಟೇನ್ ಬೇಕಾದ ದೊಡ್ಡ ಇಂಜಿನ್‌ನವರ ಕಷ್ಟ ನಿಜವೇ. ನನ್ನದು 150 ಅಶ್ವಶಕ್ತಿಯ ಹಳೆ ಲೈಕಮಿಂಗ್ ಇಂಜಿನ್, 80 ಆಕ್ಟೇನ್ ಪೆಟ್ರೋಲಿಗೆ ಅಂತಲೇ ಮಾಡಿದ್ದು. ಕಾಗದ ಪತ್ರ ಮಾಡಿಸಿ ಸೀಸವಿಲ್ಲದ 94 ಆಕ್ಟೇನ್‌ಗೆ ಬದಲಾದೆ. ಸ್ಪಾರ್ಕ್ ಪ್ಲಗ್‌ನಿಂದ ಸೀಸದ ಗುಂಡು ಕೆದಕಿ ತೆಗೆಯುವ ಕೆಲಸ ತಪ್ಪಿತು. ಒಂದು ಹೊಸ ತಲೆನೋವು ಬಂತು. ಹಳೆ ಪೆಟ್ರೋಲು ನೀಲಿ ಬಣ್ಣ. ಹಾರುವ ಮುಂಚೆ ಟ್ಯಾಂಕಿನ ತಳದಿಂದ ಒಂದು ಗಾಜಿನಂಥ ಲೋಟಕ್ಕೆ ಬಸಿದು ನೋಡಿದರೆ, ನೀಲಿಯ ಕೆಳಗೆ ನೀರು ಬೆಳ್ಳಗೆ ಕೂತಿರುತ್ತಿತ್ತು. ಹೊಸದಕ್ಕೆ ಬಣ್ಣವೇ ಇಲ್ಲ. ಲೋಟದ ತುಂಬ ನೀರೇ ಇದ್ದರೂ ಪೆಟ್ರೋಲು ಅಂದುಕೊಳ್ಳಬಹುದು. ಈಗ ಮೂಸಿ ನೋಡುತ್ತೇನೆ, ಬೆರಳಿಗೆ ಹಚ್ಚಿ ಊದುತ್ತೇನೆ. ಪೆಟ್ರೋಲಾದರೆ ಆರಿ ಹೋಗುತ್ತದೆ.

ಮಾರ್ಚ್, ಏಪ್ರಿಲ್ ಬಂತೆಂದರೆ ಹಕ್ಕಿ ಕಾಟ. ಹ್ಯಾಂಗರ್‌ಗೆ ಸರದಿ ವರ್ಷಗಟ್ಟಲೆ ಇದೆ, ನನ್ನ ವಿಮಾನ ಬಯಲಲ್ಲಿ ಹಗ್ಗ ಕಟ್ಟಿಕೊಂಡು ನಿಂತಿರುತ್ತದೆ. ಒಂದು ಭಾನುವಾರ ಇಂಜಿನ್ ಮುಂದಿನ ಗಾಳಿಕಿಂಡಿಯ ಅಂಚಿನಲ್ಲಿ ಒಂದೇ ಒಂದು ಹುಲ್ಲುಕಡ್ಡಿ ಹೊರಗೆ ಚಾಚಿತ್ತು. ಟಾರ್ಚ್ ಬಿಟ್ಟು ನೋಡಿದರೆ ಸಿಲಿಂಡರುಗಳ ನಡುವೆ ಪೂರ್ತಿ ಗೂಡು. ಮೇಲಿನ ಮುಚ್ಚಳ ತೆಗೆಸಿ ಎಳೆದಷ್ಟೂ ಬಂತು, ಒಣಹುಲ್ಲು, ದಾರ, ಚಿಪ್ಸ್ ಪ್ಯಾಕೆಟ್ಟಿನ ಚೂರು. ಒಂದು ಬಕೆಟ್ ತುಂಬಿತು. ಗುರುವಾರ ಸಂಜೆ ಹಾರಿಸಿದ್ದೆ, ಎರಡೂವರೆ ದಿನದ ಕೆಲಸ ಅದು! ಹಾಗೇ ಸ್ಟಾರ್ಟ್ ಮಾಡಿದ್ದರೆ ಬೆಂಕಿ ಹತ್ತಿಕೊಳ್ಳುತ್ತಿತ್ತೋ, ಇಂಜಿನ್ ಕಾದು ಹೋಗುತ್ತಿತ್ತೋ. ಅವತ್ತಿನಿಂದ ಕಿಂಡಿಗಳಿಗೆ ಸ್ಪಂಜಿನ ಬಿರಡೆ ತುರುಕದೆ ಮನೆಗೆ ಬರುವುದಿಲ್ಲ.

ಇನ್ನೊಂದು, ಕಣ್ಣಿಗೆ ಕಾಣದ್ದು. ಸೆಸ್ನಾದ ಹೀಟರ್ ಅಂದರೆ ಬಿಸಿ ಮಫ್ಲರ್ ಸುತ್ತ ಹಾದು ಬರುವ ಗಾಳಿ. ಮಫ್ಲರ್ ಸೀಳಿದರೆ ಹೊಗೆ ನೇರ ನಮ್ಮ ಮೂಗಿಗೆ. ಅದರಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ. ಒಂದು ಡಿಸೆಂಬರ್ ಬೆಳಗ್ಗೆ ದಕ್ಷಿಣಕ್ಕೆ ಹೋಗುತ್ತಿದ್ದೆ, 5,500 ಅಡಿ ಎತ್ತರ, ಹೀಟರ್ ಹಾಕಿದ್ದೆ. ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಡಿಟೆಕ್ಟರ್ 9 ಅಂತ ತೋರಿಸಿತು. ಆಮೇಲೆ 38. ಆಮೇಲೆ 60, ಜೊತೆಗೆ ಕಿರಿಚಾಟ. ಹೀಟರ್ ಮುಚ್ಚಿ, ಕಿಟಕಿ ತೆಗೆದು, ಹಲ್ಲು ಕಟಕಟ ಅನ್ನಿಸುತ್ತಾ ಹಿಂದೆ ತಿರುಗಿ ಸ್ಯಾನ್ ಮಾರ್ಟಿನ್‌ನಲ್ಲಿ ಇಳಿದೆ. ಮಫ್ಲರ್ ಬಿಚ್ಚಿದಾಗ ಬೆಸುಗೆಯ ಪಕ್ಕ ಕೂದಲೆಳೆಯಂಥ ಬಿರುಕು. ತಲೆನೋವು, ಮಂಪರು ಏನೂ ಇರಲಿಲ್ಲ ನನಗೆ. ಅದೇ ಭಯ ಹುಟ್ಟಿಸಿದ್ದು. ಆ ಡಿಟೆಕ್ಟರ್‌ಗೆ ಕೊಟ್ಟದ್ದು ನೂರು ಚಿಲ್ಲರೆ ಡಾಲರ್. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಇನ್ಶೂರೆನ್ಸ್ ಬಗ್ಗೆ ಎಲ್ಲರೂ ಕೇಳುವುದು ಪ್ರೀಮಿಯಂ ಎಷ್ಟು ಅಂತ. ಮೊದಲ ವರ್ಷ ನನಗೆ 1,150 ಡಾಲರ್. ಆಗ ನನ್ನ ಅನುಭವ 140 ಗಂಟೆ. ಆಮೇಲೆ ನನ್ನ ಗಂಟೆ ಏರಿದರೂ 2020ರ ಹೊತ್ತಿಗೆ ಮಾರ್ಕೆಟ್ ಬಿಗಿಯಾಗಿ ಪ್ರೀಮಿಯಂ ಕೆಳಗಿಳಿಯಲೇ ಇಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ನನ್ನ ಪಾಲಿಸಿಯಲ್ಲಿ 'ಹತ್ತು ಲಕ್ಷ ಡಾಲರ್ ಹೊಣೆ' ಅಂತ ದಪ್ಪಕ್ಷರದಲ್ಲಿದೆ. ಕೆಳಗಿನ ಸಾಲು ಓದಿದರೆ, ಒಳಗೆ ಕೂತ ಒಬ್ಬೊಬ್ಬರಿಗೆ ಒಂದು ಲಕ್ಷ ಮಾತ್ರ. ಅಮೆರಿಕದ ಆಸ್ಪತ್ರೆಯಲ್ಲಿ ಒಂದು ಲಕ್ಷ ಎಷ್ಟು ದಿನ ಬರುತ್ತದೆ ಅಂತ ಇಲ್ಲಿರುವವರಿಗೆ ಗೊತ್ತು. ಎರಡನೆಯದು ವಿಮಾನದ ಮೌಲ್ಯ. ಪ್ರೀಮಿಯಂ ಉಳಿಸಲು ಕಮ್ಮಿ ಬರೆಸಿದರೆ, ಸಣ್ಣ ಪೆಟ್ಟಿಗೂ 'ರಿಪೇರಿಗಿಂತ ಇದೇ ಅಗ್ಗ' ಅಂತ ಆ ಕಮ್ಮಿ ದುಡ್ಡು ಕೊಟ್ಟು ವಿಮಾನವನ್ನೇ ತಗೊಂಡು ಹೋಗುತ್ತಾರೆ. ಹಳೆ ಸೆಸ್ನಾಗಳ ಬೆಲೆ ಏರುತ್ತಾ ಹೋದಾಗ ನಾನು ಪ್ರತಿ ವರ್ಷ ಮೌಲ್ಯ ತಿದ್ದಿಸಿದೆ. ಅದು ಒಳ್ಳೆಯದಾಯಿತು. ಒಂದು ಚಳಿಗಾಲದ ಬಿರುಗಾಳಿಗೆ ಪಕ್ಕದ ವಿಮಾನದ ಹಗ್ಗ ಕಿತ್ತು, ಅದು ಬಂದು ನನ್ನ ಬಾಲಕ್ಕೆ ಗುದ್ದಿತು. ನಿಂತಿದ್ದಾಗ ಆದ ಹಾನಿಗೆ ನನ್ನ ಕೈಯಿಂದ ಏನೂ ಕೊಡುವಂತಿರಲಿಲ್ಲ. ದುಡ್ಡು ಬೇಗ ಬಂತು, ಬಿಡಿಭಾಗ ಬರಲು ನಾಲ್ಕು ತಿಂಗಳಾಯಿತು. ಇನ್ನು ಪೈಲಟ್‌ನ ಆರೋಗ್ಯ ತಪಾಸಣೆಯ ಮೆಡಿಕಲ್ಲೋ, ಎರಡು ವರ್ಷಕ್ಕೊಮ್ಮೆ ಇನ್‌ಸ್ಟ್ರಕ್ಟರ್ ಜೊತೆ ಮಾಡುವ ಫ್ಲೈಟ್ ರಿವ್ಯೂವೋ ತಪ್ಪಿದ್ದರೆ ಕ್ಲೈಮ್ ಕೈಬಿಟ್ಟ ಹಾಗೇ. ಜೀವ ವಿಮೆಯ ಫಾರಂನಲ್ಲೂ ಹಾರಾಟದ ಪ್ರಶ್ನೆ ಇರುತ್ತದೆ. ಸುಳ್ಳು ಬರೆಯಬೇಡಿ.

ಹಾರುವುದರಲ್ಲಿ ನನಗೆ ಅತಿ ಕಷ್ಟದ ಲೆಕ್ಕ ತೂಕದ್ದು. ಸೀಟು ನಾಲ್ಕಿದೆ ಅಂತ ನಾಲ್ಕು ಜನ ಕೂರುವ ಹಾಗಿಲ್ಲ. ಒಟ್ಟು ತೂಕದ ಮಿತಿ 2,300 ಪೌಂಡ್. ಖಾಲಿ ವಿಮಾನ 1,420. ಟ್ಯಾಂಕ್ ತುಂಬಿಸಿದರೆ 228 ಹೋಯಿತು. ಉಳಿದದ್ದು 652 ಪೌಂಡ್, ಅಂದರೆ 296 ಕಿಲೋ. ಅಮ್ಮ ತುಮಕೂರಿನಿಂದ ಬಂದಾಗ ಅವರನ್ನೂ ಹೆಂಡತಿ ಮಗನನ್ನೂ ಲೇಕ್ ಟಾಹೋಗೆ ಕರೆದುಕೊಂಡು ಹೋಗುವ ಆಸೆಯಿತ್ತು. 'ಅಮ್ಮ, ನಿಮ್ಮ ತೂಕ ಎಷ್ಟು?' ಅಂತ ಕೇಳಿದೆ. 'ಯಾಕೋ, ತೂಕಕ್ಕೆ ಹಾಕ್ತೀಯಾ ನನ್ನ?' ಅಂದರು. ಹಾಕಲೇಬೇಕಿತ್ತು. ಬಾತ್‌ರೂಮಿನ ತಕ್ಕಡಿ ಹಾಲಿಗೆ ಬಂತು, ಚಪಾತಿ ಡಬ್ಬಿ ಸಮೇತ ಎಲ್ಲರೂ ಹತ್ತಿಳಿದರು. ತೂಕ ಹೇಗೋ ಸರಿಹೋಯಿತು, ಎತ್ತರ ಸರಿಹೋಗಲಿಲ್ಲ. ಟಾಹೋ ಏರ್‌ಪೋರ್ಟ್ ಇರುವುದೇ 6,269 ಅಡಿ ಮೇಲೆ. ಅವತ್ತು ಮಧ್ಯಾಹ್ನ 28 ಡಿಗ್ರಿ ಬಿಸಿಲು. ಆ ಬಿಸಿಗೆ ತೆಳುವಾದ ಗಾಳಿಯಲ್ಲಿ ಇಂಜಿನ್‌ಗೂ ರೆಕ್ಕೆಗೂ ಅದು 9,300 ಅಡಿ ಇದ್ದ ಹಾಗೆ. ತುಂಬಿದ 150 ಅಶ್ವಶಕ್ತಿಯ ವಿಮಾನ, ಸುತ್ತ ಬೆಟ್ಟ. ಎಲ್ಲರೂ ಕಾರಲ್ಲಿ ಹೋದೆವು. ನಾಲ್ಕು ಗಂಟೆ, ಮಗ ಎರಡು ಸಲ ವಾಂತಿ.

ಮುಂದಿನ ವಾರ ಅಮ್ಮ ಒಬ್ಬರನ್ನೇ ವಾಟ್ಸನ್‌ವಿಲ್‌ಗೆ ಕರೆದೊಯ್ದೆ. ಬೆಟ್ಟ ದಾಟಿದರೆ ಸಮುದ್ರದ ಪಕ್ಕದ ಊರು, ಅರ್ಧ ಗಂಟೆಯ ದಾರಿ ಕೂಡ ಇಲ್ಲ. ಕಾಫಿ ಕುಡಿದು ಹೊರಗೆ ಬರುವಾಗ ಪಡುವಣದಲ್ಲಿ ಬೂದು ಗೆರೆಯೊಂದು ಕಂಡಿತು. ಸಮುದ್ರದ ಮಂಜು. ವಿಮಾನ ಸುತ್ತಿ ನೋಡುವಷ್ಟರಲ್ಲಿ ಅದು ಹೊಲಗಳ ಮೇಲಿತ್ತು. ರನ್‌ವೇ ಇನ್ನೂ ಪೂರ್ತಿ ತೆರೆದೇ ಇತ್ತು. ಐದೇ ನಿಮಿಷದಲ್ಲಿ ಏರಿ ಹೋಗಿಬಿಡಬಹುದು ಅಂತ ಮನಸ್ಸು ತುದಿಗಾಲಲ್ಲಿ ನಿಂತಿತ್ತು. ಮೋಡದೊಳಗೆ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್ ನನಗಿರಲಿಲ್ಲ. ಬೆಳಗ್ಗೆ ಆಫೀಸಿತ್ತು, ಅಮ್ಮನ ಮಾತ್ರೆ ಮನೆಯಲ್ಲಿತ್ತು. ಹೋಗಲೇಬೇಕು ಅನ್ನುವ ಕಾರಣಗಳು ಇಂಥ ಹೊತ್ತಿಗೆ ಸರಿಯಾಗಿ ಸಾಲುಗಟ್ಟುತ್ತವೆ. ಹಗ್ಗ ಕಟ್ಟಿದೆ. ಟ್ಯಾಕ್ಸಿಗೆ 90 ಡಾಲರ್. ದಾರಿಯುದ್ದಕ್ಕೂ ಅಮ್ಮ, 'ಇಷ್ಟು ದುಡ್ಡು ಕೊಟ್ಟು ವಿಮಾನ ತಗೊಂಡು ಟ್ಯಾಕ್ಸೀಲಿ ಬರೋದಾ?' ಅಂದರು. ಟ್ಯಾಕ್ಸಿ ಬೆಟ್ಟ ಏರುವಾಗ ಹಿಂದೆ ತಿರುಗಿ ನೋಡಿದರೆ ಕಣಿವೆ ಪೂರ್ತಿ ಬಿಳಿ ಮುಚ್ಚಿತ್ತು. ಅವರೂ ನೋಡಿದರು. ಆಮೇಲೆ ಟ್ಯಾಕ್ಸಿಯ ಮಾತು ಎತ್ತಲಿಲ್ಲ.

ಈಗ ಇಂಜಿನ್‌ 1,850 ಗಂಟೆ ಓಡಿದೆ. ತಯಾರಕರು ಹೇಳುವುದು 2,000ಕ್ಕೆ ಪೂರ್ತಿ ಬಿಚ್ಚಿ ಹೊಸದಾಗಿಸಿ ಅಂತ, 30,000 ಡಾಲರ್ ಮೇಲಾಗುತ್ತದೆ. ಮೊದಲ ದಿನದಿಂದ ಪ್ರತಿ ಗಂಟೆ ಹಾರಾಟಕ್ಕೆ 20 ಡಾಲರ್ ಬೇರೆ ಖಾತೆಗೆ ಹಾಕುತ್ತಿದ್ದೇನೆ. ವರ್ಷಕ್ಕೆ ಎಂಬತ್ತು ಗಂಟೆ ಲೆಕ್ಕದಲ್ಲಿ ಇನ್ನೂ ಅರ್ಧವೂ ತುಂಬಿಲ್ಲ. ಮನೆಯ ವಿಷಯ ಹೆಂಡತಿ ಈಗಲೂ ಎತ್ತುತ್ತಾಳೆ. ಅಮ್ಮ ಮಾತ್ರ ಪ್ರತಿ ಸಲ ಬರುವಾಗ ಸೂಟ್‌ಕೇಸಿನಲ್ಲಿ ಹಳೆ ಕಾಟನ್ ಸೀರೆಯ ತುಂಡುಗಳ ಒಂದು ಗಂಟು ತರುತ್ತಾರೆ. ವಿಮಾನದ ಹೊಟ್ಟೆ ಒರೆಸಲು ಅದರಂಥ ಬಟ್ಟೆ ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.